ಗೋಡೆ ಅವರದು, ಬಿಲ್ಲು ನಮ್ಮದು!

ಬ್ಲಾಗಿಗೆ ಏನೂ ಹಾಕದೇ ಎರಡು ತಿಂಗಳಾಯ್ತು. ಸೋಮಾರಿತನ ಅಂತ ನೀವು ಅಂದುಕೊಂಡಿದ್ದರೆ ಅದು ಅರ್ಧ ಸತ್ಯ. ಇನ್ನರ್ಧ ಚಳಿ. ಬೆರಳುಗಳು ಕೀಬೋರ್ಡಿನ ಮೇಲೆ ಓಡ್ತಾನೇ ಇರಲಿಲ್ಲ :-)

ನಾನಿರೋದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. 1960ರ ದಶಕದಲ್ಲಿ ಕಟ್ಟಿದ, ಆರು ಮನೆಗಳಿರುವ ಒಂದು ಕಟ್ಟಡದಲ್ಲಿ ಬಾಡಿಗೆಗಿದ್ದೇನೆ. ಅಮ್ಮ ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ, "ಹೀಟರ್ ಹಾಕ್ಕೊಂಡಿದೀಯೇನೋ? ದುಡ್ಡಿನ ಮುಖ ನೋಡ್ಬೇಡ." ಹಾಕ್ಕೊಂಡೇ ಇದೀನಮ್ಮಾ. ಆದರೆ ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ, ಬಿಸಿ ಮನೆಯೊಳಗೆ ನಿಲ್ಲೋದೇ ಇಲ್ಲ. ಒಳಗಿನಿಂದ ಗೋಡೆಗೆ ಕೈ ಇಟ್ಟರೆ ಜುಮ್ ಅನ್ನುತ್ತೆ. ವರ್ಷದ ಲೆಕ್ಕ ಬಂದಾಗ ತಿಂಗಳು ತಿಂಗಳು ಕಟ್ಟಿದ್ದು ಸಾಲದೆ ಮೇಲೆ 600 ಯೂರೋ ಕಟ್ಟಿದೆ.

ತಮಾಷೆ ಏನಂದ್ರೆ, ಕಾಗದದ ಮೇಲೆ ನನ್ನ ಮನೆ ಅಷ್ಟೇನೂ ಕೆಟ್ಟದ್ದಲ್ಲ. ಇಲ್ಲಿ ಮನೆ ಬಾಡಿಗೆಗೆ ಕೊಡುವಾಗ ಆ ಕಟ್ಟಡದ ಇಂಧನ ಪ್ರಮಾಣಪತ್ರ ತೋರಿಸಲೇಬೇಕು ಅಂತ ಕಾನೂನಿದೆ. ನನಗೆ ಮನೆ ತೋರಿಸಿದ ಏಜೆಂಟ್ ನಾನು ಎರಡು ಸಲ ಕೇಳಿದ ಮೇಲೆ ಅದನ್ನು ಹುಡುಕಿ ಕೊಟ್ಟ. ಅದರಲ್ಲಿ 'ಡಿ' ದರ್ಜೆ ಅಂತಿತ್ತು. ಎ ಯಿಂದ ಎಚ್ ತನಕ ಇರುವ ಪಟ್ಟಿಯಲ್ಲಿ ಡಿ ಅಂದ್ರೆ ಪರವಾಗಿಲ್ಲ ಅಂದುಕೊಂಡು ಸಹಿ ಹಾಕಿದೆ.

ಆಮೇಲೆ ಕೂತು ಓದಿದಾಗ ಗುಟ್ಟು ಗೊತ್ತಾಯ್ತು. ಈ ಪ್ರಮಾಣಪತ್ರದಲ್ಲಿ ಎರಡು ಜಾತಿ. ಒಂದರಲ್ಲಿ ಗೋಡೆ, ಕಿಟಕಿ, ಬಾಯ್ಲರ್ ಎಲ್ಲ ನೋಡಿ ಈ ಕಟ್ಟಡಕ್ಕೆ ಇಷ್ಟು ಶಕ್ತಿ ಬೇಕು ಅಂತ ಲೆಕ್ಕ ಹಾಕ್ತಾರೆ. ಇನ್ನೊಂದರಲ್ಲಿ ಅಲ್ಲಿದ್ದವರು ಮೂರು ವರ್ಷ ಎಷ್ಟು ಬಳಸಿದರು ಅನ್ನೋದರ ಮೇಲೆ ದರ್ಜೆ ಕೊಡ್ತಾರೆ. ನನ್ನ ಕಟ್ಟಡದ್ದು ಎರಡನೇ ಜಾತಿ. ಇಲ್ಲಿರುವವರಲ್ಲಿ ಹೆಚ್ಚಿನವರು ಪಿಂಚಣಿಯಲ್ಲಿ ಬದುಕುವ ಒಂಟಿ ಅಜ್ಜಿಯರು. ಒಂದೇ ಕೋಣೆ ಬೆಚ್ಚಗಿಟ್ಟುಕೊಂಡು, ಕಂಬಳಿ ಹೊದ್ದು, ಚಳಿಗಾಲ ಕಳೀತಾರೆ. ಅಂದ್ರೆ ಆ 'ಡಿ' ಸಿಕ್ಕಿದ್ದು ಗೋಡೆಗಲ್ಲ, ಅಜ್ಜಿಯರ ಮಿತವ್ಯಯಕ್ಕೆ!

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಯುರೋಪಿನ ಇಂಧನ ದಕ್ಷತೆ ಕಾನೂನುಗಳ ಕಥೆಯೇ ಇದು. ಕಾನೂನಿಗೇನೂ ಬರ ಇಲ್ಲ. ಕಟ್ಟಡಗಳ ಬಗ್ಗೆ 2002ರಲ್ಲೇ ಒಂದು ನಿರ್ದೇಶನ ಬಂತು, 2010ರಲ್ಲಿ ಹೊಸದು, 2018ರಲ್ಲಿ ತಿದ್ದುಪಡಿ, 2024ರಲ್ಲಿ ಮತ್ತೆ ಹೊಸದು. ಇಂಧನ ದಕ್ಷತೆಗೇ ಅಂತ 2012ರಲ್ಲಿ ಒಂದು, 2023ರಲ್ಲಿ ಅದರ ಪರಿಷ್ಕೃತ ರೂಪ. 2030ರ ಹೊತ್ತಿಗೆ ಇಂಧನ ಬಳಕೆ 2020ರಲ್ಲಿ ಮಾಡಿದ್ದ ಅಂದಾಜಿಗಿಂತ 11.7 ಶೇಕಡಾ ಕಡಿಮೆ ಇರಬೇಕು ಅನ್ನೋದು ಈಗಿನ ಗುರಿ. ಒಕ್ಕೂಟದಲ್ಲಿ ಬಳಕೆಯಾಗುವ ಇಂಧನದಲ್ಲಿ ಸುಮಾರು 40 ಶೇಕಡಾ ಕಟ್ಟಡಗಳಿಗೇ ಹೋಗುತ್ತೆ. ಆದರೆ ವರ್ಷಕ್ಕೆ ದುರಸ್ತಿಯಾಗೋದು ನೂರರಲ್ಲಿ ಒಂದು ಕಟ್ಟಡ ಮಾತ್ರ. ಈ ಲೆಕ್ಕದಲ್ಲಿ ನನ್ನ ಕಟ್ಟಡದ ಸರದಿ ಬರೋಷ್ಟರಲ್ಲಿ ನಾನು ಮೊಮ್ಮಕ್ಕಳನ್ನು ಆಡಿಸ್ತಾ ಇರ್ತೀನಿ.

ಹಾಗಾದರೆ ಕಾನೂನಿನಿಂದ ಏನೂ ಆಗಲ್ವಾ? ಖಂಡಿತ ಆಗುತ್ತೆ. ಟಿವಿ, ಮ್ಯೂಸಿಕ್ ಸಿಸ್ಟಮ್ ಮುಂತಾದವು ಆಫ್ ಮಾಡಿದ ಮೇಲೂ ಕುಡಿಯುತ್ತಿದ್ದ ಕರೆಂಟಿಗೆ 2008ರಲ್ಲಿ ಒಂದು ನಿಯಮ ಮಾಡಿದರು. 2010ರಿಂದ ಸ್ಟ್ಯಾಂಡ್‌ಬೈನಲ್ಲಿ 1 ವ್ಯಾಟ್, ಡಿಸ್‌ಪ್ಲೇ ಇದ್ದರೆ 2 ವ್ಯಾಟ್ ಮೀರುವ ಹಾಗಿರಲಿಲ್ಲ, 2013ರಿಂದ ಮಿತಿ ಅದರರ್ಧಕ್ಕೆ ಇಳಿಯಿತು. ಹಳೇ ಬಲ್ಬುಗಳನ್ನು 2009ರಿಂದ 2012ರೊಳಗೆ ಹಂತ ಹಂತವಾಗಿ ಅಂಗಡಿಯಿಂದ ಹೊರಗೆ ಹಾಕಿದರು. ಆಗ ಗಲಾಟೆ ಮಾಡಿದವರು ಎಷ್ಟೋ ಜನ. ಈಗ ಯಾರಿಗೂ ನೆನಪಿಲ್ಲ. ಇಲ್ಲಿ ಯಾವ ದೇಶದ ಸಂಸತ್ತೂ ಮತ್ತೆ ಕಾನೂನು ಮಾಡಬೇಕಿರಲಿಲ್ಲ, ಗ್ರಾಹಕನನ್ನು ಯಾರೂ ಒಪ್ಪಿಸಬೇಕಿರಲಿಲ್ಲ. ಬ್ರಸೆಲ್ಸಿನ ನಿಯಮ ನೇರ ಕಾರ್ಖಾನೆಯ ಬಾಗಿಲಿಗೇ ಹೋಗಿ ನಿಂತಿತು.

'ನಿರ್ದೇಶನ'ದ ಕಥೆಯೇ ಬೇರೆ. ಅದನ್ನು ಪ್ರತಿ ದೇಶವೂ ತನ್ನ ಕಾನೂನಿಗೆ ಇಳಿಸಬೇಕು. ಅಲ್ಲಿಂದ ರಾಜ್ಯಕ್ಕೆ, ಅಲ್ಲಿಂದ ನಗರಕ್ಕೆ, ಅಲ್ಲಿಂದ ಮನೆ ಮಾಲೀಕನಿಗೆ, ಕೊನೆಗೆ ಗೋಡೆ ಕೆಲಸದವನಿಗೆ. ಒಬ್ಬೊಬ್ಬರ ಮೇಜಿನ ಮೇಲೂ ಒಂದಿಷ್ಟು ಧೂಳು. 2012ರ ನಿರ್ದೇಶನಕ್ಕೆ ಜೂನ್ 2014 ಗಡುವಾಗಿತ್ತು. ಅದು ದಾಟಿದ ಮೇಲೆ ಬಹುಪಾಲು ದೇಶಗಳಿಗೆ ನೋಟಿಸು ಹೋಯ್ತು.

ನೇರ ನಿಯಮವಿದ್ದರೂ ಪರೀಕ್ಷೆ ಸರಿಯಿಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ವ್ಯಾಕ್ಯೂಮ್ ಕ್ಲೀನರ್ ಉದಾಹರಣೆ. ಅದರ ಲೇಬಲ್ಲಿಗಾಗಿ ಯಂತ್ರವನ್ನು ಪರೀಕ್ಷಿಸ್ತಾ ಇದ್ದದ್ದು ಧೂಳಿನ ಚೀಲ ಖಾಲಿ ಇಟ್ಟುಕೊಂಡು! ಮನೆಯಲ್ಲಿ ಯಾರಾದರೂ ಖಾಲಿ ಚೀಲದಲ್ಲೇ ದಿನಾ ಗುಡಿಸ್ತಾರಾ? ಡೈಸನ್ ಕಂಪನಿ ಕೋರ್ಟಿಗೆ ಹೋಯ್ತು. 2018ರ ನವೆಂಬರಿನಲ್ಲಿ ಒಕ್ಕೂಟದ ಜನರಲ್ ಕೋರ್ಟ್ ಆ ಲೇಬಲ್ ನಿಯಮವನ್ನೇ ರದ್ದು ಮಾಡಿತು. ನಮ್ಮ ಸಾಫ್ಟ್‌ವೇರಿನವರಿಗೆ ಇದು ಹೊಸದಲ್ಲ ಬಿಡಿ. ಸ್ಪೆಕ್ ಅದ್ಭುತ, ಟೆಸ್ಟ್ ಪಾಸ್, ಪ್ರೊಡಕ್ಷನ್ನಿನಲ್ಲಿ ಢಮಾರ್. ತಪಾಸಣೆಯದ್ದೂ ಇದೇ ಪಾಡು. ಲೇಬಲ್ಲಿನಲ್ಲಿ ಬರೆದದ್ದು ನಿಜವಾ ಅಂತ ಅಂಗಡಿಯಲ್ಲಿ ನೋಡಬೇಕಾದ್ದು ಆಯಾ ದೇಶದ ಅಧಿಕಾರಿಗಳು. ಇದರಲ್ಲಿ ಲೋಪ ಬಹಳ ಅಂತ ಒಕ್ಕೂಟದ ಲೆಕ್ಕಪರಿಶೋಧಕರೇ 2020ರ ವರದಿಯಲ್ಲಿ ಹೇಳಿದ್ದಾರೆ.

ಈಗ ನನ್ನ ಗೋಡೆಗೆ ವಾಪಸ್ ಬರ್ತೀನಿ. ಗೋಡೆಗೆ ಹೊದಿಕೆ ಹಾಕಿಸಿ ಅಂತ ಎಲ್ಲರೂ ಸೇರಿ ಮಾಲೀಕರಿಗೆ ಪತ್ರ ಬರೆಯೋಣ ಅಂತ ಪಕ್ಕದ ಮನೆ ಅಜ್ಜಿಯನ್ನು ಕೇಳಿದೆ. ಅವರು ಗಾಬರಿಯಾಗಿ ಬೇಡವೇ ಬೇಡ ಅಂದರು. ಕಾರಣ ಇದೆ. ಇಲ್ಲಿಯ ಕಾನೂನಿನ ಪ್ರಕಾರ ಇಂಥ ಸುಧಾರಣೆಗೆ ಆದ ಖರ್ಚಿನ 8 ಶೇಕಡಾದಷ್ಟನ್ನು ಮಾಲೀಕ ವಾರ್ಷಿಕ ಬಾಡಿಗೆಗೆ ಸೇರಿಸಬಹುದು. ಮಿತಿ ಇದೆ ನಿಜ, ಆದರೂ ಪಿಂಚಣಿಯಲ್ಲಿ ಬದುಕುವವರಿಗೆ ಅದು ದೊಡ್ಡ ಮೊತ್ತವೇ. ಮನೆ ಬೆಚ್ಚಗಾಗುತ್ತೆ, ಆದರೆ ಅದರಲ್ಲಿ ಇರೋಕೆ ತನಗೇ ಆಗದೇ ಹೋದರೆ? ಚಳಿಯಾದರೂ ಪರವಾಗಿಲ್ಲ ಅಂತ ಅವರು ಹೇಳಿದ್ದು ಕೇಳಿ ಬೇಜಾರಾಯ್ತು. ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆ ಮನೆಯಲ್ಲಿರುವವರು. ಹೊದಿಕೆ ಹಾಕಿಸಬೇಕಾದವನಿಗೆ ಬಿಲ್ಲಿನ ಚಿಂತೆಯಿಲ್ಲ, ಬಿಲ್ಲು ಕಟ್ಟುವವನಿಗೆ ಗೋಡೆಯ ಮೇಲೆ ಹಕ್ಕಿಲ್ಲ.

ಪ್ರಯತ್ನಗಳು ಆಗಿಲ್ಲ ಅಂತಲ್ಲ. 2023ರಿಂದ ಇಲ್ಲಿ ಇಂಗಾಲದ ಶುಲ್ಕವನ್ನು ಮಾಲೀಕ, ಬಾಡಿಗೆದಾರ ಇಬ್ಬರೂ ಹಂಚಿಕೊಳ್ಳಬೇಕು. ಅತಿ ಕೆಟ್ಟ ಕಟ್ಟಡವಾದರೆ ಮಾಲೀಕನ ಪಾಲು 95 ಶೇಕಡಾ. ಒಳ್ಳೆಯ ಯೋಚನೆ. ಆದರೆ ಅದು ಇಂಗಾಲದ ಶುಲ್ಕಕ್ಕೆ ಮಾತ್ರ, ಗ್ಯಾಸಿನ ಬೆಲೆಗಲ್ಲ. ಮೇಲಾಗಿ ಕಟ್ಟಡ ಎಷ್ಟು ಕೆಟ್ಟದ್ದು ಅನ್ನೋದನ್ನು ಅಳೆಯೋದು ಮತ್ತೆ ಬಳಕೆಯಿಂದಲೇ. ಅಜ್ಜಿಯರು ನಡುಗಿಕೊಂಡು ಉಳಿಸಿದಷ್ಟೂ ಮಾಲೀಕನ ಪಾಲು ಇಳಿಯುತ್ತೆ!

ಫ್ರಾನ್ಸ್ ಗಟ್ಟಿ ಹೆಜ್ಜೆ ಇಟ್ಟಿತು. ಅತಿ ಕೆಟ್ಟ 'ಜಿ' ದರ್ಜೆಯ ಮನೆಯನ್ನು ಜನವರಿ 2025ರಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ ಅಂತ 2021ರಲ್ಲೇ ಕಾನೂನು ಮಾಡಿತು. ಇಟಲಿ ಇನ್ನೊಂದು ತುದಿಗೆ ಹೋಯ್ತು. 2020ರಲ್ಲಿ, ಖರ್ಚಿನ 110 ಶೇಕಡಾ ಸರಕಾರವೇ ಕೊಡುತ್ತೆ ಅಂದುಬಿಟ್ಟಿತು. ಖರ್ಚಿಗಿಂತ ಜಾಸ್ತಿ ವಾಪಸ್ ಬರೋದಾದರೆ ಯಾರು ತಾನೇ ಚೌಕಾಸಿ ಮಾಡ್ತಾರೆ? ಬೊಕ್ಕಸಕ್ಕೆ ಬಿದ್ದ ಹೊರೆ 100 ಬಿಲಿಯನ್ ಯೂರೋ ಮೀರಿತು, ಜೊತೆಗೆ ಸುಳ್ಳು ಬಿಲ್ಲುಗಳ ಹಗರಣ ಬೇರೆ.

ಮಾಲೀಕರೆಲ್ಲ ಖಳನಾಯಕರು ಅಂತ ನಾನು ಹೇಳ್ತಿಲ್ಲ. ಒಂದೇ ಮನೆ ಬಾಡಿಗೆಗೆ ಕೊಟ್ಟು ಅದರಲ್ಲೇ ಮುಪ್ಪಿನ ಖರ್ಚು ನೋಡಿಕೊಳ್ಳುವವರೂ ಇದ್ದಾರೆ. ಅವರಿಗೆ ಕಂತಿನಲ್ಲಿ ತೀರಿಸೋ ಕಡಿಮೆ ಬಡ್ಡಿಯ ಸಾಲ ಕೊಡಲಿ. ಆದರೆ ಇನ್ನೊಂದು ಹೊಸ ಗುರಿ, ಇನ್ನೊಂದು ಹೊಸ ಶೇಕಡಾ ಈಗ ಬೇಡ ಅನ್ನೋದು ನನ್ನ ಅಭಿಪ್ರಾಯ. ಮೊದಲು ಪ್ರಮಾಣಪತ್ರ ಅಳೆಯಬೇಕಾದ್ದು ಗೋಡೆಯನ್ನು, ಒಳಗಿರುವವರ ಸಹನೆಯನ್ನಲ್ಲ. ಎರಡನೆಯದು, ಪ್ರಮಾಣಪತ್ರ ಇರಲಿ ಲೇಬಲ್ ಇರಲಿ, ಬಾಗಿಲು ತಟ್ಟಿ ನೋಡುವ ಅಧಿಕಾರಿಗಳು ಸಾಕಷ್ಟು ಇರಬೇಕು. ಮೂರನೆಯದು, ಗೋಡೆ ಯಾರದೋ ಬಿಲ್ಲಿನ ದೊಡ್ಡ ಪಾಲೂ ಅವರದೇ ಆಗಬೇಕು. ಆಗ ಮಾಲೀಕನೇ ತಾನಾಗಿ ಕೆಲಸದವರನ್ನು ಹುಡುಕಿಕೊಂಡು ಹೋಗ್ತಾನೆ.

ಇಷ್ಟು ಬರೆಯೋಷ್ಟರಲ್ಲಿ ಕಾಫಿ ಆರಿ ಹೋಯ್ತು. ಈ ಮನೆಯಲ್ಲಿ ಅದಕ್ಕೆ ಐದು ನಿಮಿಷ ಸಾಕು :-) ನೆದರ್ಲೆಂಡ್ಸ್, ಸ್ವೀಡನ್, ಫ್ರಾನ್ಸ್ ಅಂತ ಅಲ್ಲಲ್ಲಿ ಇರೋ ಬ್ಲಾಗಿಗ ಮಿತ್ರರೇ, ನಿಮ್ಮ ಮನೆಯ ಗೋಡೆ ಏನನ್ನುತ್ತೆ? ಪ್ರಮಾಣಪತ್ರ ತೆಗೆದು ಒಮ್ಮೆ ನೋಡಿ. ಅದರಲ್ಲಿ ಬರೆದಿರೋದಕ್ಕೂ ನಿಮ್ಮ ಬಿಲ್ಲಿಗೂ ತಾಳೆಯಾಗುತ್ತಾ ಅಂತ ತಿಳಿಸಿ.