ನೂರು ಕೋಟಿಯಲ್ಲಿ ಮೂರು

ನೂರು ಕಿಲೋಗ್ರಾಂ ತೂಗುವ ಇನ್ನೂರು ಮೂಟೆ ಅಕ್ಕಿಯನ್ನು ಅಂಗಳದಲ್ಲಿ ಸುರಿದು, ಅದರಲ್ಲಿ ಅಡಗಿರುವ ಮೂರೋ ನಾಲ್ಕೋ ಕಲ್ಲುಗಳನ್ನು ಆರಿಸಿಕೊಡಿರೆಂದರೆ ಯಾವ ಗೃಹಿಣಿ ತಾನೆ ಒಪ್ಪಿಯಾಳು? ಅಲ್ಲಿರುವ ಕಾಳುಗಳು ಸುಮಾರು ನೂರು ಕೋಟಿ! ಇಂತಹ ಕೆಲಸವನ್ನು ವಿಜ್ಞಾನಿಗಳು ಮೂವತ್ತು ವರ್ಷ ಬೇಸರಿಸದೆ ನಡೆಸಿದರು. ನಾವು ಕಲ್ಲನ್ನು ಎಸೆದು ಅಕ್ಕಿಯನ್ನು ಉಳಿಸಿಕೊಳ್ಳುವೆವು. ಅವರಿಗೆ ಬೇಕಾಗಿದ್ದುದು ಕಲ್ಲೇ.

ಜಿನೀವಾ ನಗರದ ಬಳಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ನೆಲದಿಂದ ಸುಮಾರು ನೂರು ಮೀಟರ್ ಕೆಳಗೆ, 27 ಕಿಲೋಮೀಟರ್ ಸುತ್ತಳತೆಯ ಸುರಂಗವೊಂದಿದೆ. ಸರ್ನ್ ಸಂಸ್ಥೆಯ ಮಹಾಯಂತ್ರವಿರುವುದು ಇಲ್ಲಿಯೇ. ಪ್ರೋಟಾನುಗಳ ಗುಂಪುಗಳು ಬೆಳಕಿನ ವೇಗವನ್ನು ಬಹುಮಟ್ಟಿಗೆ ಮುಟ್ಟಿ, ಎದುರುಬದುರಾಗಿ ಧಾವಿಸಿ, ಸೆಕೆಂಡಿಗೆ 4 ಕೋಟಿ ಸಲದವರೆಗೆ ಒಂದನ್ನೊಂದು ಹಾಯುವುವು. ಆಗಿನ ಘರ್ಷಣೆಗಳಲ್ಲಿ ಜನಿಸುವ ಬಗೆಬಗೆಯ ಕಣಗಳಲ್ಲಿ ‘ಬಿ-ಎಸ್’ ಎಂಬುದೂ ಒಂದು. ಅದರ ಸರಾಸರಿ ಆಯುಸ್ಸು ಒಂದು ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ ಕೇವಲ ಒಂದೂವರೆ ಪಾಲು. ಅಷ್ಟರಲ್ಲಿಯೇ ಅದು ಕೆಲವು ಮಿಲಿಮೀಟರ್ ಸಾಗಿ ಒಡೆದುಹೋಗುವುದು. ಒಡೆಯುವ ರೀತಿಗಳು ಹಲವಾರು. ಆದರೆ ಎರಡೇ ಎರಡು ಮ್ಯುವಾನುಗಳಾಗಿ ಒಡೆಯುವುದು ನೂರು ಕೋಟಿಗೆ ಮೂರು ನಾಲ್ಕು ಸಲ ಮಾತ್ರ.

ಮ್ಯುವಾನು ಎಲೆಕ್ಟ್ರಾನಿನ ಜಾತಿಯದೇ. ತೂಕದಲ್ಲಿ ಅದರ 207 ಪಟ್ಟು. ವಿಶ್ವಕಿರಣಗಳ ದೆಸೆಯಿಂದ ಇವು ಸದಾ ಆಕಾಶದಿಂದ ಸುರಿಯುತ್ತಲೇ ಇವೆ. ಈ ಸಾಲನ್ನು ಓದುತ್ತಿರುವ ನಿಮ್ಮ ಮೈಯನ್ನೂ ಹಾದುಹೋಗುತ್ತಿವೆ. 1950ರ ದಶಕದಲ್ಲಿ ಬಿ. ವಿ. ಶ್ರೀಕಂಠನ್ ಅವರು ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು ಎಣಿಸಿದ್ದು ಇವುಗಳನ್ನೇ. ದಪ್ಪನೆಯ ಕಬ್ಬಿಣವನ್ನೂ ತೂರಿ ಬರುವುದರಿಂದ ಮ್ಯುವಾನನ್ನು ಗುರುತಿಸುವುದು ಕಷ್ಟವಲ್ಲ. ಕಷ್ಟವಿರುವುದು ಬೇರೆಡೆ. ಎಲ್ಲೆಲ್ಲಿಂದಲೋ ಬಂದ ಎರಡು ಮ್ಯುವಾನುಗಳು ಒಂದೇ ತಾಯಿಯ ಮಕ್ಕಳಂತೆ ತೋರಿ ಮೋಸಗೊಳಿಸುವುವು. ಆದುದರಿಂದ ಅವುಗಳ ದಾರಿಯನ್ನು ಹಿಂದಕ್ಕೆ ಎಳೆದು ನೋಡಬೇಕು. ಘರ್ಷಣೆಯ ಸ್ಥಳದಿಂದ ತುಸು ದೂರದಲ್ಲಿ ಎರಡೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಅವೆರಡರಿಂದ ಲೆಕ್ಕಹಾಕಿದ ತೂಕವು ಬಿ-ಎಸ್ ಕಣದ ತೂಕಕ್ಕೆ ಸರಿಹೊಂದಬೇಕು. ವಧೂವರರ ಜಾತಕ ನೋಡುವವರೂ ಇಷ್ಟು ನಿಷ್ಠುರರಾಗಿರಲಾರರು!

ಇಷ್ಟೆಲ್ಲ ಶ್ರಮವೇಕೆ? ಕಣಗಳ ಬಗೆಗೆ ಇಂದು ಅಂಗೀಕೃತವಾಗಿರುವ ಸಿದ್ಧಾಂತವು 1960 ಮತ್ತು 70ರ ದಶಕಗಳಲ್ಲಿ ರೂಪುಗೊಂಡಿತು. ವಿಶ್ವದಲ್ಲಿ ತುಂಬಿರುವ ಕಾಣದ ದ್ರವ್ಯವು ಏನೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಕೊರತೆಯನ್ನು ತುಂಬಲು ಹೊರಟ ಹೊಸ ಸಿದ್ಧಾಂತಗಳಲ್ಲಿ ಕೆಲವು, ಇನ್ನೂ ಕಾಣದ ಭಾರವಾದ ಕಣಗಳು ಈ ಒಡೆತದಲ್ಲಿ ಗುಟ್ಟಾಗಿ ಕೈಯಾಡಿಸಬಹುದೆಂದೂ, ಆಗ ಮೂರರ ಬದಲು ಅದರ ಹಲವು ಪಟ್ಟು ಕಾಣಬಹುದೆಂದೂ ಹೇಳಿದ್ದವು. ಒಂದು ಅಂಕೆ ಏರಿದ್ದರೆ ಭೌತಶಾಸ್ತ್ರದ ಪುಸ್ತಕವನ್ನೇ ತಿದ್ದಬೇಕಾಗುತ್ತಿತ್ತು.

1984ರ ಸುಮಾರಿಗೆ ಮೊದಲಾದ ಶೋಧಕ್ಕೆ ಸರ್ನ್‌ನಲ್ಲಿ 2012ರಲ್ಲಿ ಮೊದಲ ಸುಳಿವು ದೊರೆಯಿತು. ಅಲ್ಲಿಯ ಎರಡು ತಂಡಗಳು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಟ್ಟಾಗಿ ಉತ್ತರ ಪ್ರಕಟಿಸಿದವು: ನೂರು ಕೋಟಿಗೆ ಸುಮಾರು 2.8. ಅವುಗಳಲ್ಲೊಂದಾದ ಸಿ.ಎಂ.ಎಸ್. ತಂಡದಲ್ಲಿ ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯವರೂ ಇದ್ದರು. ಅದೇ ತಂಡ 2022ರಲ್ಲಿ ಇನ್ನೂ ನಿಖರವಾಗಿ ಅಳೆದಾಗ ಬಂದುದು 3.8. ಹಳೆಯ ಸಿದ್ಧಾಂತದ ಲೆಕ್ಕ ಸುಮಾರು 3.7!

ಹೊಸ ಸಿದ್ಧಾಂತಗಳ ಎಷ್ಟೋ ರೂಪಗಳು ಇದರಿಂದ ಬಿದ್ದುಹೋದವು. ಪಾಪ, ಅವುಗಳಿಗಾಗಿ ಯೌವನವನ್ನೇ ಸವೆಸಿದವರೂ ಇದ್ದಾರು. ಆದರೂ ಇದನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ; ಯಾವ ದಾರಿ ಮುಚ್ಚಿದೆಯೆಂಬುದು ಈಗ ಅವರಿಗೆ ನಿಶ್ಚಯವಾಗಿ ತಿಳಿದಿದೆ. ಬಿ-ಎಸ್ ಕಣಕ್ಕೆ ‘ಬಿ-ಡಿ’ ಎಂಬ ಒಡಹುಟ್ಟು ಬೇರೆ ಇದೆ. ಅದು ಎರಡು ಮ್ಯುವಾನುಗಳಾಗಿ ಒಡೆಯುವುದು ಸಾವಿರ ಕೋಟಿಗೆ ಒಮ್ಮೆಯೆಂದು ಲೆಕ್ಕ. 2022ರ ಅಳತೆಯಲ್ಲಿಯೂ ಅದು ಕೈಗೆ ಸಿಕ್ಕಲಿಲ್ಲ. ಎರಡು ಸಾವಿರ ಮೂಟೆಗೆ ಒಂದೇ ಕಲ್ಲು!