ಕ್ರಿಯಾಪದದ ನಡುವೆ ಜಾಗವಿದೆ

ತಿಪಟೂರಿನ ಮಂಡಿಯಿಂದ ಉಂಡೆ ಕೊಬ್ಬರಿ ಲಾರಿಗಟ್ಟಲೆ ಉತ್ತರ ಭಾರತಕ್ಕೆ ಹೋಗುತ್ತದೆ. ಅದರ ಹಿಂದೆ ಮುಂದೆ ಒಂದಿಷ್ಟು ಇಂಗ್ಲಿಷೂ ಓಡಾಡುತ್ತದೆ: ಲೋಡು ಹೊರಟಿತು, ದುಡ್ಡು ಬರಲಿಲ್ಲ, ಬಿಲ್ಲು ಕಳಿಸಿ. ಇಂಥ ಒಂದು ಸಂದೇಶದಲ್ಲಿ ‘ವಿ ಹ್ಯಾವ್ ಆಲ್ರೆಡಿ ಸೆಂಟ್ ದ ಲೋಡ್’ ಎಂದು ಬರೆಯಬೇಕೋ, ‘ವಿ ಆಲ್ರೆಡಿ ಹ್ಯಾವ್ ಸೆಂಟ್’ ಎಂದು ಬರೆಯಬೇಕೋ? ದುಡ್ಡು ಬರುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ನಿಜ. ಆದರೆ ತುರುವೇಕೆರೆಯಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ಓದಿ ಬೆಂಗಳೂರಿಗೆ ಸಂದರ್ಶನಕ್ಕೆ ಹೋಗುವ ಹುಡುಗ ಹುಡುಗಿಯರ ಬಾಯಿ ಕಟ್ಟಿಹೋಗುವುದು ಇಂಥ ಸಣ್ಣ ಅನುಮಾನಗಳಲ್ಲೇ. ಆ ಅನುಮಾನ ಹುಟ್ಟಿಸಿದವರು ಯಾರು ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಸಹಾಯಕ ಕ್ರಿಯಾಪದವನ್ನೂ ಮುಖ್ಯ ಕ್ರಿಯಾಪದವನ್ನೂ ಅಗಲಿಸಬಾರದು, ನಡುವೆ ಕ್ರಿಯಾವಿಶೇಷಣ ತೂರಿಸಬಾರದು ಎಂಬ ಬುದ್ಧಿವಾದ ಕೆಲವು ಕೈಪಿಡಿಗಳಲ್ಲಿದೆ, ಕೆಲವು ಮೇಷ್ಟ್ರುಗಳ ಕೆಂಪು ಶಾಯಿಯಲ್ಲೂ ಇದೆ. ಇದು ಇಂಗ್ಲಿಷಿನ ನಿಯಮವೇ ಅಲ್ಲ ಎಂಬುದು ನನ್ನ ವಾದ. 1864ರಲ್ಲಿ ಹೆನ್ರಿ ಆಲ್ಫರ್ಡ್ ಎಂಬ ಪಾದ್ರಿ ಇಂಗ್ಲಿಷಿನ ಶುದ್ಧತೆಯ ಬಗ್ಗೆ ಪುಸ್ತಕ ಬರೆದು, ‘ಟು’ ಮತ್ತು ಕ್ರಿಯಾಪದದ ನಡುವೆ ಬೇರೆ ಪದ ಹಾಕುವುದನ್ನು ಆಕ್ಷೇಪಿಸಿದ. ಆ ಆಕ್ಷೇಪ ಶಾಲೆಗಳಲ್ಲಿ ಹಬ್ಬಿತು. ‘ಟು’ ಹತ್ತಿರ ಹುಟ್ಟಿದ ಭಯ ಮುಂದೆ ‘ಹ್ಯಾವ್’, ‘ವಿಲ್’, ‘ಇಸ್’ಗಳಿಗೂ ಅಂಟಿಕೊಂಡಿತು. 1926ರಲ್ಲಿ ಬಂದ ತನ್ನ ಪ್ರಸಿದ್ಧ ಬಳಕೆ ಕೋಶದಲ್ಲಿ ಹೆಚ್. ಡಬ್ಲ್ಯು. ಫೌಲರ್ ಈ ಎರಡನೆಯ ಭಯವನ್ನು ಶುದ್ಧ ಭ್ರಮೆಯ ಸಾಲಿಗೆ ಸೇರಿಸಿದ್ದಾನೆ. ಅವನೇನು ಸಡಿಲ ಬಿಡುವ ಆಸಾಮಿಯಲ್ಲ, ಮಹಾ ಶಿಸ್ತಿನವನು. ಅಂಥವನೇ ಹೇಳಿ ನೂರು ವರ್ಷವಾದರೂ ಭಯ ಹೋಗಿಲ್ಲ.

ಭಯ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2009ರ ಜನವರಿ 20ರಂದು ಜಗತ್ತೆಲ್ಲ ನೋಡಿತು. ಬರಾಕ್ ಒಬಾಮಾಗೆ ಅಧ್ಯಕ್ಷ ಪದವಿಯ ಪ್ರಮಾಣವಚನ ಬೋಧಿಸುತ್ತಿದ್ದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ‘ಐ ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್’ ಎಂದಿರಬೇಕಾದಲ್ಲಿ ‘ಫೇತ್‌ಫುಲಿ’ಯನ್ನು ಎತ್ತಿ ವಾಕ್ಯದ ಕೊನೆಗೆ ಹಾಕಿಬಿಟ್ಟರು. ಒಬಾಮಾ ತಡವರಿಸಿದರು. ಎದುರಿಗೆ ಜನಸಾಗರ. ಯಾರೂ ಮುಂದೆ ತಕರಾರು ತೆಗೆಯದಿರಲಿ ಎಂದು ಮರುದಿನ ಶ್ವೇತಭವನದಲ್ಲಿ ಪ್ರಮಾಣವಚನ ಇನ್ನೊಮ್ಮೆ ನಡೆಯಿತು. ಕ್ರಿಯಾಪದ ಒಡೆಯಬಾರದೆಂಬ ಮೂಢನಂಬಿಕೆಯೇ ನ್ಯಾಯಮೂರ್ತಿಗಳ ನಾಲಿಗೆಯನ್ನು ತಿರುಗಿಸಿರಬೇಕು ಎಂದು ಭಾಷಾವಿಜ್ಞಾನಿ ಸ್ಟೀವನ್ ಪಿಂಕರ್ ಪತ್ರಿಕೆಯಲ್ಲಿ ಬರೆದರು. ಅದು ಅವರ ಊಹೆ, ಇರಲಿ. ಅಮೆರಿಕದ ಸಂವಿಧಾನ ಬರೆದವರಂತೂ ಆ ಪದವನ್ನು ನಡುವೆಯೇ ಇಟ್ಟಿದ್ದರು. ನಮ್ಮ ಸಂವಿಧಾನದ 60ನೇ ವಿಧಿಯಲ್ಲಿರುವ ರಾಷ್ಟ್ರಪತಿಗಳ ಪ್ರಮಾಣವಚನದ ಇಂಗ್ಲಿಷ್ ಪಾಠದಲ್ಲೂ ಅದು ಇರುವುದು ‘ವಿಲ್’ ಮತ್ತು ‘ಎಕ್ಸಿಕ್ಯೂಟ್’ ಮಧ್ಯದಲ್ಲೇ.

ಆ ಮಧ್ಯದ ಜಾಗದಲ್ಲಿ ಅಂಥದ್ದೇನಿದೆ? ‘ದ ನಟ್ಸ್ ಹ್ಯಾವ್ ಕ್ಲಿಯರ್ಲಿ ಡ್ರೈಡ್’ ಎಂದರೆ, ಕಾಯಿ ಒಣಗಿದೆ, ಅದರಲ್ಲಿ ಅನುಮಾನ ಬೇಡ ಎಂದು ಹೇಳುವವನ ಅಭಿಪ್ರಾಯವೂ ಸೇರಿತು. ಅದೇ ‘ಕ್ಲಿಯರ್ಲಿ’ಯನ್ನು ಕೊನೆಗೆ ತಳ್ಳಿದರೆ ಕಾಯಿ ಸ್ಪಷ್ಟವಾದ ರೀತಿಯಲ್ಲಿ ಒಣಗಿತು ಎಂಬ ಅರ್ಥವಿಲ್ಲದ ಮಾತಾಗುತ್ತದೆ. ‘ಪ್ರಾಬಬ್ಲಿ’, ‘ಆಲ್ರೆಡಿ’, ‘ನೆವರ್’, ‘ಆಲ್ವೇಸ್’ ಇವೆಲ್ಲ ನಡುಮನೆಯ ಮಂದಿ. ಹೇಳುವವನ ಅಂದಾಜು, ನಂಬಿಕೆ, ಅಸಹನೆ ಎಲ್ಲ ಅಲ್ಲಿ ಬಂದು ಕೂರುತ್ತವೆ. ಅವನ್ನು ಅಲ್ಲಿಂದ ಎಬ್ಬಿಸಿದರೆ ವಾಕ್ಯ ವರದಿಯಾಗಿ ಉಳಿಯುತ್ತದೆ, ಮಾತಾಡುವ ಮನುಷ್ಯ ಕಾಣೆಯಾಗುತ್ತಾನೆ.

ಹಾಗಂತ ಎಲ್ಲವನ್ನೂ ನಡುವೆ ತುರುಕುವಂತಿಲ್ಲ. ‘ಶಿ ಹ್ಯಾಸ್ ವೆಲ್ ರಿಟನ್ ದ ಎಕ್ಸಾಮ್’ ಎನ್ನುವುದು ನಮ್ಮ ಕಡೆ ಕಿವಿಗೆ ಬೀಳುವ ಇಂಗ್ಲಿಷ್. ‘ಚೆನ್ನಾಗಿ ಬರೆದಿದ್ದಾಳೆ’ ಎಂಬ ಕನ್ನಡದ ಕ್ರಮ ಅದರ ಬೆನ್ನಿಗಿದೆ. ಕೆಲಸ ಹೇಗಾಯಿತು ಎಂದು ಹೇಳುವ ‘ವೆಲ್’, ‘ಫಾಸ್ಟ್’ ಮೊದಲಾದವಕ್ಕೆ ಇಂಗ್ಲಿಷ್ ಕೊನೆಯ ಜಾಗವನ್ನು ಕೊಟ್ಟಿದೆ. ಆದರೆ ಕರ್ಮಣಿ ಪ್ರಯೋಗಕ್ಕೆ ಬಂದರೆ ‘ಹ್ಯಾಸ್ ಬೀನ್ ಬ್ಯಾಡ್ಲಿ ಡ್ಯಾಮೇಜ್ಡ್’ ಎಂದು ರೀತಿಯ ಪದವೂ ಒಳಗೆ ನುಸುಳುತ್ತದೆ, ‘ವೆಲ್ ರಿಟನ್’ ಕೂಡ ಸರಿಹೋಗುತ್ತದೆ. ಇದನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲು ಹೊರಟರೆ ಎಸ್ಸೆಸ್ಸೆಲ್ಸಿ ಮುಗಿಯುವುದಿಲ್ಲ. ಕೊಬ್ಬರಿ ಕಾಯಿ ಸುಲಿಯುವ ಮುಂಚೆ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ವರ್ಷದ ಹತ್ತಿರ ಅಟ್ಟದಲ್ಲಿ ಕೂತ ಕಾಯಿಯೊಳಗೆ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು, ಲೊಟಲೊಟ ಸದ್ದು ಬಂದರೆ ಆಯಿತು. ಆ ಸದ್ದನ್ನು ಯಾವ ಪುಸ್ತಕವೂ ಕಲಿಸಿದ್ದಲ್ಲ, ನೂರಾರು ಕಾಯಿ ಅಲ್ಲಾಡಿಸಿದ ಕೈಗೂ ಕಿವಿಗೂ ಬಂದದ್ದು. ಪದ ಎಲ್ಲಿ ಕೂರಬೇಕೆಂಬ ವಿವೇಕ ಬರುವುದೂ ಹಾಗೇ.

ನಮ್ಮ ಮಕ್ಕಳಿಗೆ ಆ ಕಿವಿ ಇಲ್ಲವೆಂದು ತಿಳಿಯುವುದು ದೊಡ್ಡ ಅನ್ಯಾಯ. ‘ಕೊಬ್ಬರಿ ಮಾರಿಬಿಟ್ಟ’ ಎನ್ನಿ, ಅದೊಂದು ಸುದ್ದಿ. ‘ಕೊಬ್ಬರಿ ಮಾರೇ ಬಿಟ್ಟ’ ಎನ್ನಿ, ಈಗ ಹೇಳುವವನ ತಲೆ ಅಲ್ಲಾಡುವುದು ಕಾಣುತ್ತದೆ: ಎಷ್ಟು ಹೇಳಿದರೂ ಕೇಳಲಿಲ್ಲ, ಬೆಲೆ ಏರುವ ತನಕ ಕಾಯಲಿಲ್ಲ. ‘ಕೊಬ್ಬರೀನೇ ಮಾರಿಬಿಟ್ಟ’ ಎಂದರೆ ಅದು ಬೇರೆಯದೇ ಕಥೆ, ಮನೆಯಲ್ಲಿ ಉಳಿದದ್ದು ಅದೊಂದೇ, ಅದೂ ಹೋಯಿತು. ‘ಮಳೆ ಬಂದೇ ಬಿಟ್ಟಿತು’, ‘ರೇಟು ಇಳಿದೇ ಹೋಯ್ತು’, ‘ಬಂದೂ ಬಿಟ್ಟ, ಹೋಗಿಯೂ ಬಿಟ್ಟ’. ಮುಖ್ಯ ಕ್ರಿಯೆಗೂ ಅದಕ್ಕೆ ಜೋತುಬಿದ್ದ ‘ಬಿಡು’, ‘ಹೋಗು’ಗಳಿಗೂ ನಡುವೆ ನಮ್ಮ ಮಾತು ‘ಏ’, ‘ಊ’ಗಳನ್ನು ಸಲೀಸಾಗಿ ಕೂರಿಸುತ್ತದೆ. ಪೂರ್ತಿ ಪದವನ್ನು ಮಾತ್ರ ಆ ಜಾಗಕ್ಕೆ ಬಿಟ್ಟುಕೊಳ್ಳುವುದಿಲ್ಲ. ‘ಒಣಗಿ ಆಗಲೇ ಹೋಗಿದೆ’ ಎಂದರೆ ಕಾಯಿ ಒಣಗಿದ ಮೇಲೆ ಎದ್ದು ಎಲ್ಲಿಗೋ ಹೊರಟಂತಾಗುತ್ತದೆ. ಆರು ವರ್ಷದ ಮಗುವಿಗೂ ಈ ವ್ಯತ್ಯಾಸ ಗೊತ್ತು. ನಮ್ಮ ಶಾಲಾ ವ್ಯಾಕರಣ ಈ ‘ಏ’ಕಾರಕ್ಕೆ ‘ಅವಧಾರಣಾರ್ಥಕ ಅವ್ಯಯ’ ಎಂದು ಹೆಸರಿಟ್ಟು, ಒಂದೆರಡು ಉದಾಹರಣೆ ಕೊಟ್ಟು ಮುಂದಿನ ಪುಟಕ್ಕೆ ಹೋಗುತ್ತದೆ. ಇಷ್ಟು ಸಣ್ಣ ಸ್ವರ ಇಷ್ಟು ದೊಡ್ಡ ಕೆಲಸ ಮಾಡುತ್ತಿರುವಾಗ ಇನ್ನೂ ನಾಲ್ಕು ಪುಟ ಕೊಡಬಹುದಿತ್ತು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ಪಟ್ಟು ಹಿಡಿದದ್ದರ ಹಿಂದೆ ಇಂಥ ಕೊರತೆಗಳೂ ಇವೆ.

ಈ ‘ಏ’ಕಾರ ಇಂಗ್ಲಿಷಿಗೆ ಹೋದಾಗ ಅಲ್ಲಿ ನಡುವೆ ಜಾಗ ಸಿಗದೆ ‘ಓನ್ಲಿ’ ಆಗಿ ಬಾಲಕ್ಕೆ ಸೇರುತ್ತದೆ. ‘ಐ ಆಮ್ ಫ್ರಮ್ ತಿಪಟೂರ್ ಓನ್ಲಿ.’ ಇದನ್ನು ನೋಡಿ ನಗುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು, ಒತ್ತು ಎಲ್ಲಿ ಬೀಳಬೇಕೆಂದು ಚೆನ್ನಾಗಿ ಗೊತ್ತಿರುವ ಒಂದು ಮನಸ್ಸು. ಅದಕ್ಕೆ ಇಂಗ್ಲಿಷಿನ ಮನೆಯೊಳಗಿನ ದಾರಿ ತೋರಿಸಿದರೆ ಸಾಕು. ‘ಮಾರೇ ಬಿಟ್ಟ’ ಎಂದು ಹೇಳಬಲ್ಲ ಹುಡುಗಿಗೆ ‘ಹಿ ಹ್ಯಾಸ್ ಆಕ್ಚುಯಲಿ ಸೋಲ್ಡ್ ಇಟ್’ ಏಕೆ ಹಾಗಿದೆ ಎಂದು ಹೇಳಲು ಒಂದು ನಿಮಿಷ ಬೇಕು, ಅಷ್ಟೆ. ಎರಡೂ ಕಡೆ ಕ್ರಿಯೆಯ ಹೊಟ್ಟೆಯೊಳಗೆ ಹೇಳುವವರ ದನಿ ಕೂತಿದೆ.

ಈ ಸೀಮೆಗೆ ಎರಡು ಭಾಷೆಗಳನ್ನು ಎದುರುಬದುರು ಕೂರಿಸಿ ನೋಡುವುದು ಹೊಸದೇನಲ್ಲ. 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ, 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಅವರು ಆ ಭಾಷೆಯ ಭಾವ ತಂದರು, ಪದಗಳ ಸಾಲನ್ನು ಕನ್ನಡದ ಉಸಿರಿಗೆ ಬಿಟ್ಟರು. 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ವಿದ್ವಾಂಸರಷ್ಟೇ ಅಲ್ಲ, ಶಾಲೆಯ ಮಕ್ಕಳಿಗಾಗಿ ‘ಕನ್ನಡ ಮಧ್ಯಮ ವ್ಯಾಕರಣ’ವನ್ನೂ ಬರೆದರು. ಒಂದೇ ತೆಂಗಿನ ಸೀಮೆ ಕೊಟ್ಟ ಈ ಇಬ್ಬರ ಪುಸ್ತಕಗಳನ್ನು ಅದೇ ಸೀಮೆಯ ಇಂಗ್ಲಿಷ್ ತರಗತಿಗಳಲ್ಲಿ ಯಾರೂ ತೆರೆಯದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಇಂಗ್ಲಿಷ್ ಪಾಠ ಹೇಳುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ‘ಹ್ಯಾವ್’ ಮತ್ತು ಕ್ರಿಯಾಪದದ ನಡುವೆ ‘ಆಲ್ರೆಡಿ’ ಕಂಡರೆ ಕೆಂಪು ಗೆರೆ ಎಳೆಯಬೇಡಿ. ವಾಕ್ಯವನ್ನು ಮಕ್ಕಳಿಂದ ಜೋರಾಗಿ ಓದಿಸಿ, ಅದೇ ಮಾತನ್ನು ಮನೆಯಲ್ಲಿ ಹೇಗೆ ಆಡುತ್ತೀರಿ ಎಂದು ಕೇಳಿ, ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ.