ಹಿತ್ತಲಲ್ಲೊಂದು ಈಜುತೊಟ್ಟಿ

ಮಕ್ಕಳೇ, ಈ ಬೇಸಿಗೆ ದಬ್ಬೇಘಟ್ಟದ ನಮ್ಮ ಹಿತ್ತಲಿಗೆ ಪ್ಲಾಸ್ಟಿಕ್ ಈಜುತೊಟ್ಟಿ ಬಂತು. ನೆರಳಿದೆಯೆಂದು ಮೊಮ್ಮಗಳು ತೆಂಗಿನ ಮರದಡಿ ಇಡಹೊರಟಳು. "ಬೇಡ ಪುಟ್ಟಿ, ಕಾಯಿಯೋ ಗರಿಯೋ ತಲೆ ಮೇಲೆ ಬಿದ್ದೀತು" ಎಂದು ಬಯಲಿಗೆ ತಂದೆವು.

ಎಂಟಡಿ ಅಗಲದ ದುಂಡು ತೊಟ್ಟಿ, ಎರಡಡಿ ನೀರು. ಅಂದರೆ ಸುಮಾರು 2,800 ಲೀಟರ್. ತೂಕವೂ ಅಷ್ಟೇ ಕಿಲೋ! ನೆಲ ಓರೆಯಿದ್ದರೆ ನೀರು ಒಂದೇ ಕಡೆ ಒತ್ತಿ ತೊಟ್ಟಿ ವಾಲುತ್ತದೆ. ಅದಕ್ಕೇ ಕಲ್ಲು ಆರಿಸಿ, ಮಟ್ಟ ಮಾಡಿ, ಟಾರ್ಪಾಲು ಹಾಸಿದೆವು.

ದಿನಾ ಕಸ ತೆಗೆಯುವುದು ಅವಳ ಪಾಲು. ಕ್ಲೋರಿನ್ ಅಳೆದು ಹಾಕುವುದು ಅವರಪ್ಪನದು. ಹಳೇ ನೀರು? ಕ್ಲೋರಿನ್ ನಿಲ್ಲಿಸಿ, ಕೆಲವು ದಿನ ಬಿಸಿಲು ಕಾಣಿಸಿ, ತೆಂಗಿನ ಬುಡಗಳಿಗೆ.

ಮಕ್ಕಳು ನೀರಲ್ಲಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈಗೆಟುಕುವಷ್ಟು ಹತ್ತಿರ ಇರಲೇಬೇಕು. ಮೊನ್ನೆ ಫೋನು ಬಂತೆಂದು ನಾನು ಎದ್ದೆ. ಪುಟ್ಟಿ ತಾನೇ ಹೊರಬಂದು, "ತಾತ, ನೀನು ಎದ್ದರೆ ನಾನೂ ಏಳಬೇಕಲ್ವಾ?" ಎಂದಳು.